ಪಡಸಾಲೆಯಲ್ಲೊಂದು ವಿಮಾನದ ಕಾಕ್‌ಪಿಟ್



ಹಪ್ಪಳದ ಹಿಟ್ಟಿನ ಹದ, ಅತ್ತೆ-ಸೊಸೆಯರ ಮುನಿಸು, ಮಗುವಿನ ಕೆಮ್ಮು, ಕೈಗೆ ಹತ್ತದ ಸಂಬಳ – ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಇಂಥವೇ. ಈ ಸಲ ಬಂದ ಒಂದು ಪತ್ರ ಮಾತ್ರ ಬೇರೆ ಬಗೆಯದು. ಬೀದರ್ ಜಿಲ್ಲೆಯ ಹುಮನಾಬಾದ ಸೀಮೆಯ ಕೊಡಂಬಲದಿಂದ ತಾಯಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಮಾತಿನಲ್ಲೇ ಓದಿ:

“ಅಕ್ಕೋರೆ, ನನ್ನ ಮಗಳು ಪಿ.ಯು.ಸಿ. ಮೊದಲ್ನೇ ವರ್ಷ, ಸೈನ್ಸ್ ಓದ್ತಾಳ. ಬೀದರ್ ಕಡಿಂದ ಹಾರೋ ವಿಮಾನ ನೋಡ್ಕೋತನೇ ಬೆಳದಾಕಿ. ಈಗ ಮನ್ಯಾಗೇ ವಿಮಾನ ನಡಸೋ ಖೋಲಿ ಕಟ್ತೀನಿ ಅಂತ ಹಟ ಹಿಡದಾಳ. ಅಣ್ಣನ ಹಳೀ ಕಂಪ್ಯೂಟರ್ ಅದ. ಹಲಗಿ, ಸ್ವಿಚ್ಚು, ವಾಯರು ಬೇಕಂತ. ಅವರಪ್ಪ ‘ಹುಚ್ಚು ಹಿಡದದ ಏನು’ ಅಂತ ಬೈತಾರ. ಎಮ್ಮಿ ಹಾಲಿನ ದುಡ್ಡು ಐದು ಸಾವಿರ ನನ್ನ ಕಡೆ ಅದ. ಕೊಡ್ಲೋ ಬ್ಯಾಡೋ? ಕೊಟ್ರ ಆಕಿ ಪೈಲಟ್ ಆಗ್ತಾಳೇನ್ರಿ?”

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ತಾಯಿ. ಮನೆಯಲ್ಲಿ ಕಟ್ಟಿದ ಕಾಕ್‌ಪಿಟ್ಟಿನಿಂದ ಯಾರೂ ಪೈಲಟ್ ಆಗುವುದಿಲ್ಲ. ಅದರಲ್ಲಿ ಕೂತು ಸಾವಿರ ಗಂಟೆ ‘ಹಾರಿದರೂ’ ಲೈಸೆನ್ಸಿನ ಲೆಕ್ಕಕ್ಕೆ ಒಂದು ಗಂಟೆಯೂ ಸೇರದು. ಆದರೂ ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ – ಕೊಡಿ. ಐದು ಸಾವಿರವನ್ನೂ ಒಟ್ಟಿಗೆ ಕೈಗೆ ಹಾಕಬೇಡಿ. ಕಂತಿನಲ್ಲಿ ಕೊಡಿ, ಲೆಕ್ಕ ಕೇಳಿ. ಯಾಕೆ ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನು ಕೊಂಚ ವಿಸ್ತಾರವಾಗಿಯೇ ಬರೆಯುತ್ತೇನೆ. ಉಳಿದ ಸೋದರಿಯರೂ ಓದಿ. ನಿಮ್ಮ ಮನೆಯ ಮಕ್ಕಳಿಗೆ ವಿಮಾನದ ಬದಲು ಇನ್ನೇನೋ ಹುಚ್ಚು ಇದ್ದೀತು. ದುಡ್ಡಿನ ಲೆಕ್ಕ ಎಲ್ಲ ಹುಚ್ಚಿಗೂ ಒಂದೇ.

ಇದು ಹೊಸ ಹುಚ್ಚಲ್ಲ

ನೆಲದ ಮೇಲೆ ಕೂತೇ ವಿಮಾನ ನಡೆಸುವುದನ್ನು ಕಲಿಸುವ ಯಂತ್ರಕ್ಕೆ ಸಿಮ್ಯುಲೇಟರ್ ಎನ್ನುತ್ತಾರೆ. ಇಂದು ವಿಮಾನ ಕಂಪನಿಗಳ ಬಳಿ ಇರುವ ದೊಡ್ಡ ಸಿಮ್ಯುಲೇಟರುಗಳಿಗೆ ಕೋಟಿಗಟ್ಟಲೆ ಬೆಲೆ. ಆದರೆ ಇದರ ಮೂಲ ನೋಡಿದರೆ ನಿಮಗೆ ನಗು ಬಂದೀತು. 1910ರ ಸುಮಾರಿಗೆ ಫ್ರಾನ್ಸಿನಲ್ಲಿ ಅರ್ಧಕ್ಕೆ ಕೊಯ್ದ ಪೀಪಾಯಿಯ ಮೇಲೆ ಕುರ್ಚಿ ಕಟ್ಟಿ, ಅದರಲ್ಲಿ ಕಲಿಯುವವನನ್ನು ಕೂರಿಸಿ, ಸುತ್ತ ನಿಂತವರು ಕೈಯಿಂದ ಅಲುಗಾಡಿಸುತ್ತಿದ್ದರು! ಅವನು ಗಾಲಿಗಳನ್ನು ತಿರುಗಿಸುತ್ತ ಪೀಪಾಯಿಯನ್ನು ಸಮ ಮಾಡಿಕೊಳ್ಳಬೇಕು. ಅಷ್ಟೇ ಪಾಠ.

ಆಮೇಲೆ ಬಂದವನು ಅಮೆರಿಕದ ಎಡ್ವಿನ್ ಲಿಂಕ್. ಅವನ ತಂದೆಯದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಲ್ಲಿ ಪಿಯಾನೊ, ಆರ್ಗನ್ ವಾದ್ಯಗಳ ಕಾರ್ಖಾನೆ. ಮಗನಿಗೆ ಹಾರುವ ಹುಚ್ಚು. ವಿಮಾನ ಕಲಿಯುವ ಫೀಸು ವಿಪರೀತ. ಹಾಗಾಗಿ ಆತ ವಾದ್ಯಕ್ಕೆ ಗಾಳಿ ಊದುವ ತಿದಿಗಳನ್ನು – ನಮ್ಮ ಭಜನೆಯ ಪೇಟಿಯೊಳಗೂ ಅಂಥದೇ ತಿದಿ ಇರುತ್ತದಲ್ಲ – ಒಂದು ಮರದ ಪುಟ್ಟ ವಿಮಾನದ ಕೆಳಗೆ ಜೋಡಿಸಿದ. ಕೋಲು ಎಳೆದರೆ ತಿದಿ ಉಬ್ಬಿ ಮೂತಿ ಮೇಲೇಳುತ್ತದೆ; ಪಕ್ಕಕ್ಕೆ ಒತ್ತಿದರೆ ವಾಲುತ್ತದೆ. 1929ರ ಹೊತ್ತಿಗೆ ಯಂತ್ರ ತಯಾರಾಯಿತು. ಆದರೆ ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ಜಾತ್ರೆಯ ತೊಟ್ಟಿಲಿನ ಹಾಗೆ ಮನರಂಜನೆಯ ಪಾರ್ಕುಗಳಿಗೆ ಅದನ್ನು ಮಾರಬೇಕಾಯಿತು.

1934ರಲ್ಲಿ ಅಮೆರಿಕದ ಸೈನ್ಯಕ್ಕೆ ವಿಮಾನದಲ್ಲಿ ಅಂಚೆ ಸಾಗಿಸುವ ಕೆಲಸ ಬಿತ್ತು. ಮಂಜು, ಕತ್ತಲೆಯಲ್ಲಿ ಬರಿಯ ಮೀಟರುಗಳನ್ನು ನೋಡಿ ಹಾರಲು ಬಾರದೆ ಕೆಲವೇ ವಾರಗಳಲ್ಲಿ ಹಲವು ತರುಣ ಪೈಲಟರು ಸತ್ತರು. ಆಗ ಸೈನ್ಯಕ್ಕೆ ಲಿಂಕನ ‘ಆಟಿಕೆ’ಯ ನೆನಪಾಯಿತು. ಒಂದಕ್ಕೆ 3,500 ಡಾಲರಿನಂತೆ ಆರನ್ನು ಕೊಂಡರು. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಐದು ಲಕ್ಷಕ್ಕೂ ಹೆಚ್ಚು ವಿಮಾನ ಸಿಬ್ಬಂದಿ ಆ ಪೆಟ್ಟಿಗೆಯಲ್ಲಿ ಕೂತು ಕಲಿತರು.

ಇದನ್ನೇಕೆ ಹೇಳಿದೆ? ಆ ಪೆಟ್ಟಿಗೆ ಯಾರನ್ನೂ ಆಕಾಶಕ್ಕೆ ಒಯ್ಯಲಿಲ್ಲ. ತಪ್ಪು ಮಾಡಲು ಒಂದು ಅಗ್ಗದ ಜಾಗ ಕೊಟ್ಟಿತು, ಅಷ್ಟೇ. ಅಲ್ಲಿ ತಪ್ಪಿದರೆ ಪ್ರಾಣ ಹೋಗದು, ವಿಮಾನ ಮುರಿಯದು. ನಿಮ್ಮ ಮಗಳು ಕೇಳುತ್ತಿರುವುದೂ ಅಂಥದೇ ಒಂದು ಜಾಗ.

ಬೀದರಿನ ಆಕಾಶ

ಕೊಡಂಬಲದ ಹುಡುಗಿಗೆ ಈ ಆಸೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಬೀದರಿನ ವಾಯುಪಡೆ ನಿಲ್ದಾಣ ಇರುವುದೇ ಪೈಲಟರ ತರಬೇತಿಗೆ. ಆಕಾಶದಲ್ಲಿ ಸಾಲುಗಟ್ಟಿ ಕಸರತ್ತು ಮಾಡುವ ‘ಸೂರ್ಯಕಿರಣ’ ತಂಡ 1996ರಲ್ಲಿ ಹುಟ್ಟಿದ್ದು ಅಲ್ಲಿಯೇ. ಆಗ ಅವರು ಹಾರಿಸುತ್ತಿದ್ದ ‘ಕಿರಣ್’ ವಿಮಾನ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯದು, ಅದರ ಮೊದಲ ಹಾರಾಟ 1964ರಲ್ಲಿ. 2008ರಿಂದ ಬೀದರಿನಲ್ಲಿ ‘ಹಾಕ್’ ಎಂಬ ಜೆಟ್ ವಿಮಾನದ ಮೇಲೆ ತರಬೇತಿ ಶುರುವಾಯಿತು.

2016ರ ಜೂನ್ ತಿಂಗಳಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ಹುಡುಗಿಯರು ನಮ್ಮ ದೇಶದ ಮೊದಲ ಮಹಿಳಾ ಯುದ್ಧವಿಮಾನ ಪೈಲಟರಾಗಿ ವಾಯುಪಡೆಗೆ ಸೇರಿದರಲ್ಲ, ಅವರು ಹಾಕ್ ವಿಮಾನ ಕಲಿಯಲು ಬಂದದ್ದು ಇದೇ ಬೀದರಿಗೆ. ನೀವು ಹೊಲದಲ್ಲಿ ತೊಗರಿ ಕೀಳುವಾಗ ತಲೆಯ ಮೇಲೆ ಗುಡುಗುಟ್ಟಿ ಹೋದ ವಿಮಾನಗಳಲ್ಲಿ ಒಂದನ್ನು ಹುಡುಗಿಯೊಬ್ಬಳು ನಡೆಸಿದ್ದಿರಬಹುದು.

“ಅವರೆಲ್ಲ ಈ ಕಾಲದವರು” ಅನ್ನಬೇಡಿ. 1936ರಲ್ಲೇ ಸರಳಾ ಠಕ್ರಾಲ್ ಎಂಬಾಕೆ ಲಾಹೋರಿನಲ್ಲಿ ಸೀರೆಯುಟ್ಟು ಪುಟ್ಟ ವಿಮಾನ ಹಾರಿಸಿ ಲೈಸೆನ್ಸ್ ಪಡೆದರು. ಆಗ ಅವರಿಗೆ 21 ವರ್ಷ. ಮನೆಯಲ್ಲಿ ನಾಲ್ಕು ವರ್ಷದ ಮಗಳೂ ಇದ್ದಳು.

ಏನೇನು ಬೇಕು?

ಈಗ ಕೆಲಸದ ಮಾತಿಗೆ ಬರೋಣ. ಕಾಕ್‌ಪಿಟ್ಟಿಗೆ ನಾಲ್ಕು ಸಂಗತಿ ಮುಖ್ಯ: ಕಂಪ್ಯೂಟರಿನ ಪ್ರೋಗ್ರಾಂ, ಕೈಗೆ ಒಂದು ಕೋಲು, ಕಾಲಿಗೆ ಎರಡು ಪೆಡಲು, ಕೂರಲು ಭದ್ರವಾದ ಆಸನ. ಉಳಿದದ್ದೆಲ್ಲ ಶೃಂಗಾರ. ಶೃಂಗಾರಕ್ಕೆ ಮೊದಲೇ ದುಡ್ಡು ಸುರಿದವರ ಕಾಕ್‌ಪಿಟ್ ಅರ್ಧಕ್ಕೇ ನಿಂತು ಅಟ್ಟ ಸೇರುತ್ತದೆ.

ಪ್ರೋಗ್ರಾಮಿಗೆ ಒಂದು ಪೈಸೆಯೂ ಬೇಡ. ‘ಫ್ಲೈಟ್‌ಗಿಯರ್’ ಎಂಬುದನ್ನು ಹಲವು ದೇಶಗಳ ಉತ್ಸಾಹಿಗಳು 1990ರ ದಶಕದಿಂದ ಸೇರಿ ಬೆಳೆಸುತ್ತ ಬಂದಿದ್ದಾರೆ, ಪುಕ್ಕಟೆ ಸಿಗುತ್ತದೆ. ಇಳಿಸಿಕೊಳ್ಳಲು ಡೇಟಾ ಮಾತ್ರ ಧಾರಾಳವಾಗಿ ಬೇಕು. ಅದನ್ನೇ ಬೇರೆ ಹೆಸರಿನಲ್ಲಿ ದುಡ್ಡಿಗೆ ಮಾರುವವರೂ ಇದ್ದಾರೆ, ಎಚ್ಚರ. ಹಳೆಯ ಕಂಪ್ಯೂಟರು ತಡವರಿಸಿದರೆ ಮೋಡ, ಮರ, ಕಟ್ಟಡಗಳ ಸೊಗಸನ್ನು ಕಡಿಮೆ ಮಾಡಿಕೊಂಡರೆ ಸಾಕು. ಕಲಿಯಲು ರನ್‌ವೇ ಕಾಣಬೇಕು, ಮೀಟರು ಕಾಣಬೇಕು. ಮರದ ಎಲೆ ಕಾಣಬೇಕಿಲ್ಲ. ಪ್ರೋಗ್ರಾಂ ನಡೆಯುತ್ತದೋ ಇಲ್ಲವೋ ನೋಡದೆ ಒಂದು ಮೊಳೆಯನ್ನೂ ಕೊಳ್ಳಬೇಡಿ.

ಮೊದಲಿಗೆ ‘ಸೆಸ್ನಾ 172’ ಎಂಬ ಪುಟ್ಟ ವಿಮಾನವನ್ನೇ ಆರಿಸಿಕೊಳ್ಳಲಿ. 1956ರಿಂದ ಈವರೆಗೆ ನಲವತ್ತು ಸಾವಿರಕ್ಕೂ ಹೆಚ್ಚು ತಯಾರಾಗಿರುವ ವಿಮಾನ ಇದು. ಲೋಕದ ಅರ್ಧಕ್ಕರ್ಧ ಹಾರಾಟದ ಶಾಲೆಗಳಲ್ಲಿ ಇದೇ ಮೊದಲ ಪಾಠ ಅನ್ನಿ. ಜೆಟ್ ವಿಮಾನ, ಜಂಬೋ ವಿಮಾನ ಎಂದು ಹಟ ಮಾಡಿದರೆ, ಅಂಬೆಗಾಲಿಡುವ ಮಗು ಮೆಟ್ಟಿಲು ಹತ್ತುವ ಹಾಗಾಗುತ್ತದೆ.

ಮೊದಲು ರಟ್ಟು, ಆಮೇಲೆ ಹಲಗೆ

ರವಿಕೆ ಹೊಲಿಯುವವರಿಗೆ ಗೊತ್ತು: ಹೊಸ ನಮೂನೆಯಾದರೆ ಮೊದಲು ಪೇಪರಿನ ಮೇಲೆ ಕತ್ತರಿಸಿ ನೋಡುತ್ತೇವೆ, ಆಮೇಲೆ ಬಟ್ಟೆಗೆ ಕತ್ತರಿ. ಇಲ್ಲಿಯೂ ಹಾಗೆಯೇ. ಅಂಗಡಿಯ ದೊಡ್ಡ ರಟ್ಟಿನ ಪೆಟ್ಟಿಗೆ ತಂದು ಮೀಟರುಗಳ ಫಲಕ, ಅಕ್ಕಪಕ್ಕದ ಗೋಡೆ ಎಲ್ಲವನ್ನೂ ರಟ್ಟಿನಲ್ಲೇ ಕತ್ತರಿಸಿ ನಿಲ್ಲಿಸಲಿ. ಹದಿನೈದು ದಿನ ಅದರಲ್ಲೇ ಕೂರಲಿ. ಮೊಣಕಾಲು ಎಲ್ಲಿ ತಾಗುತ್ತದೆ, ಕೈ ಎಲ್ಲಿಗೆ ಎಟುಕುವುದಿಲ್ಲ, ಕುತ್ತಿಗೆ ಎಲ್ಲಿ ನೋಯುತ್ತದೆ, ಎಲ್ಲ ತಿಳಿಯುತ್ತದೆ. ಹದಿನೈದು ದಿನದಲ್ಲಿ ಉತ್ಸಾಹ ಇಳಿದರೆ ರಟ್ಟು ಒಲೆಗೆ, ದುಡ್ಡು ನಿಮ್ಮ ಡಬ್ಬಿಗೆ. ಇಳಿಯದಿದ್ದರೆ ಮೊದಲ ಕಂತು ಬಿಡುಗಡೆ ಮಾಡಿ.

ಜಾಗ ಎಷ್ಟು ಬೇಕು? ನಾಲ್ಕಡಿ ಅಗಲ, ಐದಡಿ ಉದ್ದದ ಮೂಲೆ ಸಾಕು. ಒಗ್ಗರಣೆಯ ಹೊಗೆ ತಾಗದಿರಲಿ. ಆಸನಕ್ಕೆ ಗುಜರಿಯಲ್ಲಿ ಹಳೆಯ ಕಾರಿನ ಸೀಟು ಸಿಕ್ಕರೆ ಸರಿ. ಸಿಗದಿದ್ದರೆ ಕೈಯಿರುವ ಕುರ್ಚಿಯೇ ಆಗಬಹುದು. ಕೂತಾಗ ಕಣ್ಣು ಕಂಪ್ಯೂಟರ್ ಪರದೆಯ ನಡುಮಟ್ಟಕ್ಕೆ ಬರಬೇಕು. ಕುರ್ಚಿ ಹಿಂದೆ ಸರಿಯದಂತೆ ಕಾಲುಗಳನ್ನು ಒಂದು ಹಲಗೆಗೆ ಬಿಗಿಯಬೇಕು. ಪೆಡಲನ್ನೂ ಅದೇ ಹಲಗೆಗೆ ಬಿಗಿದರೆ, ಒದ್ದರೂ ಮುಂದಕ್ಕೆ ಓಡುವುದಿಲ್ಲ.

ಪೆಡಲು ಮಾಡುವ ಬಗೆ

ಬಾಲದ ಚುಕ್ಕಾಣಿಯನ್ನು ಎಡಬಲ ತಿರುಗಿಸಲು ವಿಮಾನದಲ್ಲಿ ಕಾಲು ಬೇಕು. ಎಡಗಾಲು ಮುಂದೆ ಹೋದರೆ ಬಲಗಾಲು ಹಿಂದೆ ಬರುತ್ತದೆ. ಇದಕ್ಕೆ ಎರಡಡಿ ಉದ್ದದ ಗಟ್ಟಿ ಮರದ ಪಟ್ಟಿಯ ನಡುವೆ ತೂತು ಕೊರೆದು, ಕೆಳಗಿನ ಹಲಗೆಗೆ ಬೋಲ್ಟಿನಿಂದ ಕೂರಿಸಿ – ಮಲಗಿಸಿದ ತಕ್ಕಡಿಯ ಕೋಲಿನ ಹಾಗೆ. ಎರಡು ತುದಿಗೆ ಪಾದ ಇಡುವಷ್ಟು ಹಲಗೆ ತುಂಡು. ಕಾಲು ತೆಗೆದಾಗ ಪಟ್ಟಿ ತಾನಾಗಿ ನಡುವಿಗೆ ಬರಬೇಕು. ಅದಕ್ಕೆ ಎರಡೂ ಕಡೆ ಸ್ಪ್ರಿಂಗ್, ಇಲ್ಲವೇ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಕಟ್ಟಿ. ಎರಡರ ಬಿಗಿಯೂ ಒಂದೇ ಇರಲಿ.

ಕಾಲು ಎಷ್ಟು ಒತ್ತಿತು ಎಂದು ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಹಳೆಯ ರೇಡಿಯೋದಲ್ಲಿ ಧ್ವನಿ ಏರಿಳಿಸುವ ಗುಬ್ಬಿ ಇರುತ್ತಿತ್ತಲ್ಲ, ಅದರ ಹಿಂದಿನ ಬಿಡಿಭಾಗವೇ ಪೊಟೆನ್ಷಿಯೋಮೀಟರ್. ಪಟ್ಟಿಯ ನಡುವಿನ ಬೋಲ್ಟಿನ ಜೊತೆ ಅದೂ ತಿರುಗುವಂತೆ ಜೋಡಿಸಿದರೆ ಆಯಿತು. ಕೊಳ್ಳುವಾಗ ‘ಬಿ 10 ಕೆ’ ಎಂದು ಬರೆದಿರುವುದನ್ನೇ ಕೇಳಿ. ‘ಎ’ ಎಂದಿರುವುದು ಧ್ವನಿಗೆಂದು ಮಾಡಿದ್ದು. ಅದು ಸಮವಾಗಿ ಏರುವುದಿಲ್ಲ, ಕಾಲಿಗೆ ಹದ ಸಿಗುವುದಿಲ್ಲ. ಪೆಡಲು ಸಮವಾಗಿ ನಿಂತಾಗ ಇದರ ದಂಡ ತನ್ನ ಸುತ್ತಿನ ನಟ್ಟನಡುವೆ ಇರಬೇಕು.

ಇದಕ್ಕಿರುವುದು ಮೂರು ಕಾಲು. ಅಂಚಿನ ಎರಡು ಕಾಲುಗಳಿಗೆ 5 ವೋಲ್ಟ್ ಮತ್ತು ಗ್ರೌಂಡ್. ನಡುವಿನ ಕಾಲಿನ ವೈರು ಒಂದು ಪುಟ್ಟ ಸರ್ಕ್ಯೂಟ್ ಬೋರ್ಡಿಗೆ. ಈ ಬೋರ್ಡಿನ ಹೆಸರು ‘ಆರ್ಡುಯಿನೊ’. ಅದರಲ್ಲಿ ‘ಲಿಯೊನಾರ್ಡೊ’ ಅಥವಾ ‘ಪ್ರೊ ಮೈಕ್ರೊ’ ಎಂಬ ಜಾತಿಯದನ್ನೇ ತರಬೇಕು. ‘ಯುನೊ’ ಎಂಬುದು ಎಲ್ಲೆಡೆ ಸಿಗುತ್ತದೆ. ಆದರೆ ಅದು ತಾನೊಂದು ಜಾಯ್‌ಸ್ಟಿಕ್ ಎಂದು ಕಂಪ್ಯೂಟರಿಗೆ ನೇರವಾಗಿ ಹೇಳಿಕೊಳ್ಳಲಾರದು. ಬೋರ್ಡಿಗೆ ತುಂಬುವ ಪ್ರೋಗ್ರಾಮನ್ನು ಬರೆದು ಪುಕ್ಕಟೆ ಹಂಚಿದ ಪುಣ್ಯಾತ್ಮರಿದ್ದಾರೆ. ಪಿ.ಯು.ಸಿ. ಸೈನ್ಸ್ ಹುಡುಗಿ ನಾಲ್ಕು ದಿನ ಕೂತರೆ ಅರ್ಥವಾಗುವಂಥದು.

ವೇಗ ಏರಿಸುವ ಥ್ರಾಟಲ್ ಸೆಸ್ನಾದಲ್ಲಿ ಒಳಗೆ ತಳ್ಳುವ, ಹೊರಗೆ ಎಳೆಯುವ ಕಪ್ಪು ಗುಬ್ಬಿ. ಒಳಗೆ ತಳ್ಳಿದರೆ ಶಕ್ತಿ ಹೆಚ್ಚು. ಆರಂಭಕ್ಕೆ ಬಾಗಿಲ ಕೀಲಿನ ಮೇಲೆ ಕೂರಿಸಿದ ಒಂದು ಸನ್ನೆ ಮಾಡಿ ಅದಕ್ಕೊಂದು ಪೊಟೆನ್ಷಿಯೋಮೀಟರ್ ಕಟ್ಟಿದರೂ ನಡೆಯುತ್ತದೆ. ದೀಪ, ಪಂಪು ಮುಂತಾದವಕ್ಕೆ ಸ್ವಿಚ್ಚು: ಒಂದು ವೈರು ಬೋರ್ಡಿಗೆ, ಒಂದು ಗ್ರೌಂಡಿಗೆ.

ಮೀಟರುಗಳ ಫಲಕದಲ್ಲಿ ಮುಖ್ಯವಾದವು ಆರು: ವೇಗ, ವಾಲು, ಎತ್ತರ – ಮೇಲಿನ ಸಾಲು, ತಿರುವು, ದಿಕ್ಕು, ಏರಿಳಿತದ ವೇಗ – ಕೆಳಗಿನ ಸಾಲು. ಇವನ್ನು ನಿಜವಾಗಿ ಮಾಡುವ ಗೋಜಿಗೆ ಹೋಗಬೇಡಿ. ಒಂದು ಹಳೆಯ ಮಾನಿಟರ್ ಸಿಕ್ಕರೆ ಅದರ ಮೇಲೆ ಆರೂ ಮೀಟರು ಮೂಡುವಂತೆ ಮಾಡಿ, ಮುಂದೆ ಆರು ದುಂಡು ಕಿಟಕಿ ಕೊರೆದ ತೆಳು ಪ್ಲೈವುಡ್ ನಿಲ್ಲಿಸಿದರೆ ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಾರೆ. ಕಿಟಕಿ ಸುಮಾರು ಎಂಟು ಸೆಂಟಿಮೀಟರು ಅಗಲ. ಸಣ್ಣ ಸ್ಟೀಲು ಬಟ್ಟಲ ಬಾಯಿ ಇಟ್ಟು ಗೆರೆ ಎಳೆಯಿರಿ. ಮಾನಿಟರ್ ಸಿಗದಿದ್ದರೆ ಸದ್ಯಕ್ಕೆ ಇದನ್ನು ಬಿಡಿ. ಪರದೆಯ ಮೇಲೇ ಮೀಟರು ಕಾಣುತ್ತದೆ.

ಒಂದು ಮಾತು ಕಡ್ಡಾಯ. ಬೋರ್ಡು, ಸ್ವಿಚ್ಚು ಎಲ್ಲ ನಡೆಯುವುದು ಕಂಪ್ಯೂಟರಿನಿಂದ ಬರುವ 5 ವೋಲ್ಟಿನಲ್ಲಿ. ಅದು ಕೈಗೆ ಶಾಕ್ ಹೊಡೆಯುವುದಿಲ್ಲ. ಆದರೆ ಗೋಡೆಯ ಕರೆಂಟಿನ ವೈರಿಗೆ ಹುಡುಗಿ ಕೈ ಹಾಕಕೂಡದು. ಪ್ಲಗ್ ಪಾಯಿಂಟು ಬೇಕಾದರೆ ಲೈನ್‌ಮನ್ ಗೊತ್ತಿರುವವರನ್ನೋ ವೈರಿಂಗಿನವರನ್ನೋ ಕರೆಸಿ, ಅರ್ತಿಂಗ್ ಸರಿಯಿದೆಯೇ ನೋಡಿಸಿ. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ಚಿಕ್ಕ ಮಕ್ಕಳು ಹತ್ತಿರ ಬೇಡ.

ಐದು ಸಾವಿರದ ಲೆಕ್ಕ

ಬೆಲೆ ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಅಂದಾಜು ಹೀಗಿರಲಿ:

ಬೋರ್ಡು ಒಂದು – 600 ರೂ.
ಪೊಟೆನ್ಷಿಯೋಮೀಟರ್ ನಾಲ್ಕು – 160 ರೂ.
ಸ್ವಿಚ್ಚು ಹತ್ತು – 300 ರೂ.
ವೈರು, ಬೆಸುಗೆಯ ಸಾಮಾನು – 250 ರೂ.
ಪ್ಲೈವುಡ್, ಮರದ ತುಂಡು – 500 ರೂ.
ಕೀಲು, ನಟ್ಟು-ಬೋಲ್ಟು, ಸ್ಪ್ರಿಂಗು – 300 ರೂ.
ಫೆವಿಕಾಲ್, ಬಣ್ಣ – 190 ರೂ.

ಒಟ್ಟು 2,300 ರೂಪಾಯಿ. ಉಳಿದ 2,700ರಲ್ಲಿ ಕೈಕೋಲು, ಅಂದರೆ ಜಾಯ್‌ಸ್ಟಿಕ್, ಆಗಬೇಕು. ಹೊಸದಕ್ಕೆ ಮೂರು-ನಾಲ್ಕು ಸಾವಿರ ಬೀಳುತ್ತದೆ. ಯಾರಾದರೂ ಬಳಸಿ ಬಿಟ್ಟದ್ದು ಎರಡು ಸಾವಿರದೊಳಗೆ ಸಿಕ್ಕರೆ ಬಿಡಬೇಡಿ. ಮುಟ್ಟಿ ನೋಡಿ ಕೊಳ್ಳಿ: ಕೋಲು ಬಿಟ್ಟಾಗ ನಡುವಿಗೆ ಬರಬೇಕು, ಗಡಗಡ ಅನ್ನಬಾರದು. ಮಿಕ್ಕ 700 ಬಸ್ಸಿನ ಖರ್ಚಿಗೆ ಮತ್ತು ಸುಟ್ಟುಹೋಗುವ ಒಂದೆರಡು ಬಿಡಿಭಾಗಕ್ಕೆ. ಸುಡುವುದು ಖಂಡಿತ, ಅದಕ್ಕೆ ಬೈಯಬೇಡಿ.

ಎಲೆಕ್ಟ್ರಾನಿಕ್ ಸಾಮಾನು ಹುಮನಾಬಾದಿನಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೆ ಹೋಗಬಹುದು. ಬೆಂಗಳೂರಿಗೆ ಹೋಗುವ ನೆಂಟರಿದ್ದರೆ ಎಸ್.ಪಿ. ರಸ್ತೆಯಿಂದ ತರಿಸಿ. ಚೀಟಿ ಬರೆದುಕೊಟ್ಟು ಒಂದೇ ಸಲ ತರಿಸಿದರೆ ಬಸ್ಸಿನ ದುಡ್ಡು ಉಳಿಯುತ್ತದೆ. ಪ್ಲೈವುಡ್ಡಿಗೆ ಹೊಸ ಹಾಳೆ ಬೇಡ. ಬಡಿಗೇರರ ಅಂಗಡಿಯಲ್ಲಿ ಮೂಲೆಗೆ ಬಿದ್ದ ತುಂಡುಗಳೇ ಧಾರಾಳ. 2016ರಿಂದ ಎಷ್ಟೋ ಶಾಲೆಗಳಲ್ಲಿ ‘ಅಟಲ್ ಟಿಂಕರಿಂಗ್ ಲ್ಯಾಬ್’ ಆಗಿವೆ. ಅಲ್ಲಿ ಇಂಥ ಬೋರ್ಡು, ಬೆಸುಗೆಯ ಸಾಧನ ಇರುತ್ತವೆ. ಹತ್ತಿರದ ಶಾಲೆಯಲ್ಲಿ ಇದ್ದರೆ ಹೆಡ್‌ಮಾಸ್ತರರನ್ನು ವಿನಯದಿಂದ ಕೇಳಿ ನೋಡಿ.

ಇದಕ್ಕಾಗಿ ಸಂಘದ ಸಾಲ ತೆಗೆಯಬೇಡಿ. ಬಂಗಾರ ಅಡವಿಡಬೇಡಿ. ಐದು ಸಾವಿರ ಎಂದರೆ ಐದು ಸಾವಿರ. ಕೈಯಲ್ಲಿದ್ದಷ್ಟರಲ್ಲಿ ಮಾಡುವುದೂ ಕಲಿಕೆಯ ಒಂದು ಭಾಗ ಎಂದು ಮಗಳಿಗೆ ಹೇಳಿ.

ಆಟವೋ, ಅಭ್ಯಾಸವೋ?

ಕಟ್ಟಿದ ಮೇಲೆ ಅದರಲ್ಲಿ ಏನು ಮಾಡುತ್ತಾಳೆ ಎಂಬುದರ ಮೇಲೆ ನಿಮ್ಮ ದುಡ್ಡಿನ ಬೆಲೆ. ಕಟ್ಟಡಕ್ಕೆ ಡಿಕ್ಕಿ ಹೊಡೆದು ನಗುವುದಾದರೆ ಅದು ಆಟ. ಆಟವೂ ತಪ್ಪಲ್ಲ, ಆದರೆ ಅದಕ್ಕೆ ಐದು ಸಾವಿರ ಬೇಡ.

ಅಭ್ಯಾಸ ಹೇಗಿರಬೇಕು? ಮೊದಲ ವಾರ ಎತ್ತರ, ದಿಕ್ಕು ಬದಲಾಗದಂತೆ ನೇರ ಹಾರುವುದು. ಇದು ಸುಲಭ ಅನಿಸುತ್ತದೆ, ಸುಲಭವಲ್ಲ. ಎರಡನೆಯ ವಾರ ಸಮನಾದ ತಿರುವು. ಆಮೇಲೆ ಏರುವುದು. ಸೆಸ್ನಾ ನೆಲ ಬಿಡುವುದು ಸುಮಾರು 55 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ನೂರು ಕಿಲೋಮೀಟರು. ಓಡುವಾಗ ವಿಮಾನ ಎಡಕ್ಕೆ ಎಳೆಯುತ್ತದೆ, ಬಲಗಾಲು ಒತ್ತಬೇಕು. ಪೆಡಲಿಗೆ ಮೊದಲು ದುಡ್ಡು ಹಾಕಿ ಎಂದದ್ದು ಇದಕ್ಕೇ. ಕೊನೆಗೆ ಇಳಿಯುವುದು: 65 ನಾಟ್ ಹಿಡಿದು ರನ್‌ವೇ ಹೊಸ್ತಿಲಿಗೆ ಬರಬೇಕು. ಒಂದು ಹಾಳೆ ನೋಟುಬುಕ್ಕಿನಲ್ಲಿ ದಿನಾಂಕ, ಎಷ್ಟು ಸಲ ಇಳಿದೆ, ಏನು ತಪ್ಪಿತು ಎಂದು ಬರೆಯಲಿ. ಆ ಪುಸ್ತಕವನ್ನು ವಾರಕ್ಕೊಮ್ಮೆ ನೀವು ನೋಡಿ. ಅರ್ಥವಾಗಬೇಕಿಲ್ಲ, ಅಮ್ಮ ನೋಡುತ್ತಾಳೆ ಎಂದು ಗೊತ್ತಿದ್ದರೆ ಸಾಕು.

ಪ್ರತಿ ಸಲವೂ ಚೀಟಿ ಓದಿ ಶುರು ಮಾಡಲಿ. ಪೈಲಟರು ಇದಕ್ಕೆ ಚೆಕ್‌ಲಿಸ್ಟ್ ಎನ್ನುತ್ತಾರೆ. 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಭಾರಿ ಹೊಸ ವಿಮಾನವೊಂದು ಪರೀಕ್ಷೆಗೆಂದು ಮೇಲೇರಿ, ಒಡನೆಯೇ ಬಿದ್ದು ಸುಟ್ಟುಹೋಯಿತು. ನಡೆಸುತ್ತಿದ್ದವರು ಬಹಳ ಅನುಭವಿಗಳು. ನಿಂತಾಗ ರೆಕ್ಕೆ-ಬಾಲ ಅಲುಗದಂತೆ ಹಾಕಿದ್ದ ಬೀಗವನ್ನು ತೆಗೆಯಲು ಮರೆತಿದ್ದರು, ಅಷ್ಟೇ! ಆ ಮೇಲೆ ಎಷ್ಟೇ ಅನುಭವವಿದ್ದರೂ ಚೀಟಿ ಓದಿಯೇ ಹಾರಬೇಕೆಂಬ ಪದ್ಧತಿ ಬಂತು. ಮದುವೆ ಅಡುಗೆಗೆ ಸಾಮಾನಿನ ಪಟ್ಟಿ ಹಿಡಿಯುವ ನಮಗೆ ಇದರ ಬೆಲೆ ಹೇಳಬೇಕೇ?

ಹೊತ್ತಿಗೂ ಕಟ್ಟು ಹಾಕಿ. ದಿನಕ್ಕೆ ಮುಕ್ಕಾಲು ಗಂಟೆ, ಓದು ಮುಗಿದ ಮೇಲೆ. ಪರೀಕ್ಷೆಯ ತಿಂಗಳು ಬಟ್ಟೆ ಮುಚ್ಚಿಡಿ. ಕರೆಂಟು ಹೋಗಿಬರುವ ಊರಾದರೆ ಕಂಪ್ಯೂಟರಿಗೆ ಯು.ಪಿ.ಎಸ್. ಇಲ್ಲದೆ ಮಳೆಗಾಲದಲ್ಲಿ ಕೂರುವುದು ಬೇಡ. ಇಲಿಗೆ ವೈರು ಎಂದರೆ ಪ್ರೀತಿ. ಕಾಳಿನ ಚೀಲ ಪಕ್ಕದಲ್ಲಿಡಬೇಡಿ.

ಮುಂದಿನ ದಾರಿ

ಈಗ ನಿಜವಾದ ಪೈಲಟ್ ಆಗುವ ಮಾತು. ಖಾಸಗಿ ಶಾಲೆಯಲ್ಲಿ ಕಲಿತು ವಿಮಾನ ಕಂಪನಿ ಸೇರಲು ವಾಣಿಜ್ಯ ಲೈಸೆನ್ಸ್ ಬೇಕು. ಅದಕ್ಕೆ 18 ವರ್ಷ ತುಂಬಿರಬೇಕು, 200 ಗಂಟೆ ನಿಜವಾಗಿ ಹಾರಿರಬೇಕು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕೆಂಬುದು ಬಹುಕಾಲದ ನಿಯಮ; ಸೇರುವ ಹೊತ್ತಿಗೆ ನಿಯಮ ಏನಿದೆ ಎಂದು ವಿಚಾರಿಸಿಕೊಳ್ಳಿ. ಖರ್ಚು ಹತ್ತಾರು ಲಕ್ಷ. ಹೊಲ ಮಾರಿ ಫೀಸು ಕಟ್ಟಿ, ಆರು ತಿಂಗಳಿಗೆ “ನನಗೆ ಇದು ಒಗ್ಗದು” ಎಂದು ಮಗು ವಾಪಸು ಬಂದರೆ? ಕಣ್ಣಿನಲ್ಲಿ ಬಣ್ಣ ಗುರುತಿಸುವ ದೋಷವಿದೆ ಎಂದು ಆಮೇಲೆ ಗೊತ್ತಾದರೆ? ಎಲ್ಲಿಯೂ ಮುಂಗಡ ಕಟ್ಟುವ ಮೊದಲು ವೈಮಾನಿಕ ವೈದ್ಯಕೀಯ ಪರೀಕ್ಷೆ ಮಾಡಿಸಿ. “ಮೊದಲು ಸೀಟು ಹಿಡಿಯಿರಿ, ಮೆಡಿಕಲ್ ಆಮೇಲೆ” ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ದುಡ್ಡಿಲ್ಲದವರಿಗೂ ಒಂದು ದಾರಿಯಿದೆ – ವಾಯುಪಡೆ. ಅಲ್ಲಿ ಕಲಿಸುವ ಖರ್ಚು ಸರ್ಕಾರದ್ದು. ಪುಣೆ ಹತ್ತಿರ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್.ಡಿ.ಎ., ಮೊದಲು ಗಂಡು ಹುಡುಗರಿಗೆ ಮಾತ್ರ ಇತ್ತು. 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶವಾಗಿ, 2022ರಲ್ಲಿ ಹುಡುಗಿಯರ ಮೊದಲ ತಂಡ ಒಳಗೆ ಹೋಯಿತು. ಪಿ.ಯು.ಸಿ. ಸೈನ್ಸ್ ಹುಡುಗಿಯರು ಅದರ ಪರೀಕ್ಷೆ ಬರೆಯಬಹುದು. ವಾಯುಪಡೆಯ ಪೈಲಟ್ ಆಯ್ಕೆಯಲ್ಲಿ ಕಣ್ಣು-ಕೈ-ಕಾಲಿನ ಹೊಂದಾಣಿಕೆ ನೋಡುವ ಕಂಪ್ಯೂಟರ್ ಪರೀಕ್ಷೆಯೊಂದಿದೆ. ಅದರಲ್ಲಿ ಒಮ್ಮೆ ನಪಾಸಾದರೆ ಜೀವಮಾನದಲ್ಲಿ ಮತ್ತೆ ಕೂರುವಂತಿಲ್ಲ. ಮನೆಯ ಕಾಕ್‌ಪಿಟ್ಟಿನಲ್ಲಿ ಕೂತವರೆಲ್ಲ ಪಾಸಾಗುತ್ತಾರೆಂದು ನಾನು ಹೇಳಲಾರೆ. ಆದರೆ ಕೋಲು, ಪೆಡಲು ಎರಡನ್ನೂ ಒಟ್ಟಿಗೆ ಹಿಡಿಯುವುದು ಆ ದಿನ ಅವಳಿಗೆ ಹೊಸತಾಗಿರುವುದಿಲ್ಲ.

ನಿಮ್ಮ ಹುಮನಾಬಾದಿನ ಮೇಲೆ ಹಾಯುವ ಹೆದ್ದಾರಿ ನೋಡಿ – ಒಂದು ಕಡೆ ಪುಣೆಗೆ, ಅಲ್ಲಿ ಎನ್.ಡಿ.ಎ.; ಇನ್ನೊಂದು ಕಡೆ ಹೈದರಾಬಾದಿಗೆ, ಅಲ್ಲಿ ದುಂಡಿಗಲ್ಲಿನ ವಾಯುಪಡೆ ಅಕಾಡೆಮಿ. ದೂರ ಅನ್ನುವಷ್ಟು ದೂರವೇನೂ ಅಲ್ಲ.

ಪೈಲಟ್ ಆಗದಿದ್ದರೆ ದುಡ್ಡು ನೀರುಪಾಲೇ? ಅಲ್ಲ. ಅಳತೆ ಹಿಡಿಯಲು, ಬೆಸುಗೆ ಹಾಕಲು, ಬೋರ್ಡಿಗೆ ಪ್ರೋಗ್ರಾಂ ತುಂಬಲು, ಸುಟ್ಟದ್ದು ಯಾಕೆ ಸುಟ್ಟಿತೆಂದು ಹುಡುಕಲು ಅವಳು ಕಲಿತಿರುತ್ತಾಳೆ. ಡಿಪ್ಲೊಮಾ, ಇಂಜಿನಿಯರಿಂಗ್, ಐ.ಟಿ.ಐ. – ಎಲ್ಲಿಗೆ ಹೋದರೂ ಆ ವಿದ್ಯೆ ಬೇಕು. “ನನಗೆ ಹಾರುವುದು ಬೇಡ, ಕಟ್ಟುವುದೇ ಇಷ್ಟ” ಎಂದು ಅವಳಿಗೇ ಹೊಳೆದರೂ ಲಾಭವೇ. ಲಕ್ಷಗಳು ಹೋದ ಮೇಲೆ ತಿಳಿಯಬೇಕಾದದ್ದು ಐದು ಸಾವಿರದಲ್ಲಿ ತಿಳಿಯಿತಲ್ಲ!

ಯಜಮಾನರ ಸಿಟ್ಟಿನ ಬಗ್ಗೆ ಒಂದು ಮಾತು. ಅವರ ಬೆನ್ನ ಹಿಂದೆ ದುಡ್ಡು ಕೊಡಬೇಡಿ. ಗುಟ್ಟು ಒಡೆದ ದಿನ ಸಿಟ್ಟು ಮಗಳ ಓದಿನ ಮೇಲೆ ತಿರುಗೀತು. ಮೇಲಿನ ಲೆಕ್ಕದ ಚೀಟಿ ತೋರಿಸಿ, “ಇಷ್ಟರ ಮೇಲೆ ಒಂದು ರೂಪಾಯಿ ಇಲ್ಲ” ಎಂದು ಹೇಳಿ. ಪೆಡಲಿನ ಪಟ್ಟಿಗೆ ತೂತು ಕೊರೆಯುವ ಕೆಲಸವನ್ನು ಅವರಿಗೇ ಒಪ್ಪಿಸಿ. ನೇಗಿಲು, ಕೂರಿಗೆ ರಿಪೇರಿ ಮಾಡಿದ ಕೈಗೆ ಅದೇನು ಮಹಾ? “ಅಪ್ಪಾ, ಇದು ಅಲುಗಾಡ್ತದ, ಹೆಂಗ್ ಬಿಗೀಬೇಕು?” ಎಂದು ಮಗಳೇ ಕೇಳಲಿ. ಬೈಯುತ್ತಲೇ ಬಂದು ಸ್ಪ್ಯಾನರ್ ಹಿಡಿಯುತ್ತಾರೆ, ನೋಡುತ್ತಿರಿ.

ಓಣಿಯವರು ಬಂದು “ಹೆಣ್ಣು ಹುಡುಗಿಗೆ ಇದೆಲ್ಲ ಯಾಕವ್ವಾ?” ಎಂದರೆ ವಾದಕ್ಕೆ ಹೋಗಬೇಡಿ. ಆಸನದಲ್ಲಿ ಕೂರಿಸಿ, ಕೈಗೆ ಕೋಲು ಕೊಡಿ. ಒಂದು ಸಲ ರನ್‌ವೇ ಮೇಲೆ ಇಳಿಸಿ ತೋರಿಸಲಿ, ಆಮೇಲೆ ಮಾತಾಡಲಿ.

ನಿಮ್ಮ ಮನೆಯ ಮಕ್ಕಳು ಇಂಥದೇನನ್ನಾದರೂ ಕಡಿಮೆ ಖರ್ಚಿನಲ್ಲಿ ಕಟ್ಟಿದ್ದರೆ ಬರೆಯಿರಿ ಸೋದರಿಯರೇ; ಅಳತೆ, ಲೆಕ್ಕ ಎರಡೂ ಇರಲಿ. ಮುಂದಿನ ಸಂಚಿಕೆಯಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟುವವರಿಗಾಗಿ, ನಿಮ್ಮ ಬೀದರ್ ಕಡೆಯ ಭಜ್ಜಿಯ ವಿಷಯ.